ಮೊದಲ ಮೂವತ್ತು ಮೀಟರ್

ಎತ್ತರದ ಕುರ್ಚಿಯಲ್ಲಿ ಕೂತಿದ್ದ ಬಸ್ ಡ್ರೈವರ್ ಅಕ್ಷರ ಫಲಕದ ಕೊನೆಯ ಸಾಲನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ, ಇವರು ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾರೆ ಎಂದು ಚಿಕ್ಕಮ್ಮನಿಗೆ ಗೊತ್ತಾಗಿಹೋಯಿತು. ಕನ್ನಡಕದ ಅಂಗಡಿಯ ಈ ಒಳಕೋಣೆಯಲ್ಲಿ ಹನ್ನೊಂದು ವರ್ಷ ನಿಂತವಳಿಗೆ ಅದು ಗೊತ್ತಾಗದೆ ಇರುವುದಿಲ್ಲ. ಓದುವವರು ಕಣ್ಣು ಕಿರಿದು ಮಾಡುತ್ತಾರೆ, ಕುತ್ತಿಗೆ ಚಾಚುತ್ತಾರೆ, ತಡವರಿಸುತ್ತಾರೆ. ಒಪ್ಪಿಸುವವರು ಮಗ್ಗಿ ಹೇಳಿದ ಹಾಗೆ ಗಡಗಡ ಹೇಳಿ, ಪಾಸಾದೆನೇ ಎಂದು ಮುಖ ನೋಡುತ್ತಾರೆ. ಬೇರೆ ದಿನವಾಗಿದ್ದರೆ ಅವಳು ನಕ್ಕು, "ಹೊರಗೆ ಕಾಯ್ತಾ ಕೂತಾಗ ಬಾಗಿಲ ಸಂದಿಯಿಂದ ನೋಡಿಕೊಂಡ್ರಾ ಸಾರ್?" ಎಂದು ಕೇಳಿ ಇನ್ನೊಂದು ಫಲಕ ಹಾಕುತ್ತಿದ್ದಳು. ಇವತ್ತು ಇನ್ನೊಬ್ಬರ ಸುಳ್ಳು ಹಿಡಿಯುವುದಕ್ಕೆ ತನಗೇನು ಯೋಗ್ಯತೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಅವಳಂತೂ ಮೊನ್ನೆ ಸಂಜೆಯಿಂದ, ಯಾರೂ ಕಳ್ಳಿ ಎನ್ನದೆಯೇ, ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದಳು.

ಯಾರೂ ಏನೂ ಅನ್ನಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ಅಜ್ಜ ಅಂದಿದ್ದರು. ಅಕ್ಕನ ಮಗಳಿಗೆ ಓಟ ಕಲಿಸುತ್ತಾಳೆ ಎಂದು ಮೈದಾನದವರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಾರೆ; ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಸುಣ್ಣದಜ್ಜನೂ ಹಾಗೇ ಕರೆಯುತ್ತಾರೆ, ಅವಳೂ ಬೇಡ ಅನ್ನುವುದಿಲ್ಲ. ಅಭ್ಯಾಸಕ್ಕೆ ಪಿಸ್ತೂಲು ಹಾರಿಸುವವರು ಯಾರೂ ಇಲ್ಲದ್ದರಿಂದ ಅಜ್ಜ ಎರಡು ಮರದ ಹಲಗೆಗಳನ್ನು ಪಟ್ಟೆಂದು ಬಡಿಯುತ್ತಾರೆ, ಹುಡುಗಿ ಏಳುತ್ತಾಳೆ, ಮೂವತ್ತು ಮೀಟರ್ ಆಚೆಯ ಗೆರೆಯ ಹತ್ತಿರ ಸ್ಟಾಪ್‌ವಾಚ್ ಹಿಡಿದು ಚಿಕ್ಕಮ್ಮ ನಿಂತಿರುತ್ತಾಳೆ. ಮೊನ್ನೆ ಸಂಜೆ ಅಜ್ಜ ಸುಣ್ಣದ ಬಕೆಟ್ಟನ್ನು ಒಳಗಿಡುತ್ತಾ, ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡ ದೂರನ್ನು ಹೊರಗೆ ಹಾಕಿದ್ದರು. "ಚಿಕ್ಕಮ್ಮಾ, ಬೇಜಾರು ಮಾಡ್ಕೋಬೇಡಿ. ನೀವು ನನ್ನ ಹಲಗೆಗೆ ವಾಚ್ ಒತ್ತೋದೇ ಇಲ್ಲ. ಮಗು ಕಾಲು ಎತ್ತಿದ ಮೇಲೆ ಒತ್ತುತೀರ. ಹಾಗಾದ್ರೆ ನಾನ್ಯಾಕೆ ಬಡ್ಕೋಬೇಕು, ಹೇಳಿ? ಶಿಳ್ಳೆ ಹಾಕಿದ್ರೂ ಆಗುತ್ತಲ್ಲ." ಅವರ ದೂರು ಅವರ ಹಲಗೆಯ ಮರ್ಯಾದೆಯ ಬಗ್ಗೆ ಮಾತ್ರ ಇತ್ತು. ಚಿಕ್ಕಮ್ಮ "ಅಯ್ಯೋ, ಹಾಗೇನಿಲ್ಲ ಅಜ್ಜ" ಎಂದು ನಕ್ಕಳು. ನಗುತ್ತಲೇ ವಾಚನ್ನು ಚೀಲದೊಳಕ್ಕೆ ತುರುಕಿದಳು.

"ಮೇಡಂ, ಆಯ್ತಾ?" ಎಂದರು ಡ್ರೈವರ್. ಆಗಿಲ್ಲ ಎಂದು ತಲೆಯಾಡಿಸಿ ಕೊನೆಗೂ ಇನ್ನೊಂದು ಫಲಕ ಹಾಕಿದಳು. ಬಸ್ಸಿನಲ್ಲಿ ನಲವತ್ತು ಜನ ಇರುತ್ತಾರೆ, ತನ್ನ ಸಂಕಟಕ್ಕೆ ಅವರನ್ನು ಬಲಿ ಕೊಡಲಾಗುವುದಿಲ್ಲ. ಹೊಸ ಫಲಕದಲ್ಲಿ ಅವರು ಮೂರನೆಯ ಸಾಲಿಗೇ ನಿಂತುಬಿಟ್ಟರು. ಕಿವಿ ಕೆಂಪಾಯಿತು. ಐವತ್ತು ದಾಟಿದ ಗಂಡಸು, ಮಡಿಲಲ್ಲಿ ಟೋಪಿ ಇಟ್ಟುಕೊಂಡು ಶಾಲೆ ಮಕ್ಕಳ ಹಾಗೆ ಕೂತಿದ್ದನ್ನು ನೋಡಲಾಗದೆ ಅವಳು ಬೇಗಬೇಗ ಗಾಜು ಬದಲಿಸಿದಳು. ಎರಡನೆಯ ಗಾಜಿಗೆ ಅವರು ತಾವಾಗಿಯೇ ಓದತೊಡಗಿದರು, ಈ ಸಲ ತಡವರಿಸುತ್ತಾ. ಆಮೇಲೆ ಯಾರನ್ನೂ ನೋಡದೆ, "ಹತ್ತು ತಿಂಗಳಿಂದ ಹೆದರಿಕೊಂಡೇ ಓಡಿಸ್ತಿದ್ದೆ ಮೇಡಂ" ಎಂದರು. ಅವರ ಮುಖ ಎಷ್ಟು ಸಡಿಲವಾಯಿತೆಂದರೆ ಚಿಕ್ಕಮ್ಮನಿಗೆ ಹೊಟ್ಟೆಕಿಚ್ಚಾಯಿತು. ಚೀಟಿಯಲ್ಲಿ ಸಂಖ್ಯೆ ಬರೆಯುವಾಗ ಎರಡು ಸಲ ತಪ್ಪಾಗಿ, ಹೊಡೆದುಹಾಕಿ ಬರೆದಳು.

ಅಕ್ಕನ ಮಗಳು ಮಿಡತೆ. ಎರಡರ ವಯಸ್ಸಿನಲ್ಲಿ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಿಟಕಿಗೆ ಹಾರುತ್ತಿದ್ದವಳಿಗೆ ಅವಳಪ್ಪ ಇಟ್ಟ ಹೆಸರು, ಈಗ ಇಪ್ಪತ್ತೊಂದಾದರೂ ಅಂಟಿಕೊಂಡಿದೆ. ಓಟದಲ್ಲಿ ಅವಳ ಕಷ್ಟವೂ ಅದೇ ಆಗಿತ್ತು, ಅವಳು ಹಾರುತ್ತಿದ್ದಳು. ಓಟದ ಶುರುವಿಗೆ ಪಾದ ಊರುವ ಬ್ಲಾಕ್‌ನಿಂದ ಎದ್ದ ಕೂಡಲೇ ನೆಟ್ಟಗೆ ನಿಂತು, ಕಾಲನ್ನು ಮುಂದಕ್ಕೆ ಬೀಸಿ, ಹಿಮ್ಮಡಿ ಊರಿ, ಪ್ರತಿ ಹೆಜ್ಜೆಗೂ ತನಗೆ ತಾನೇ ಬ್ರೇಕು ಹಾಕಿಕೊಳ್ಳುತ್ತಿದ್ದಳು. "ಮುಂದಕ್ಕೆ ಹೋಗೋದು ನಿನ್ನ ಕೆಲಸ ಅಲ್ಲ ಕಣೇ. ನೆಲವನ್ನ ಹಿಂದಕ್ಕೆ ತಳ್ಳು, ಅಷ್ಟೇ. ಮುಂದಕ್ಕೆ ಕಳಿಸೋದು ನೆಲದ ಕೆಲಸ" ಎಂದು ಚಿಕ್ಕಮ್ಮ ಎಷ್ಟು ಸಲ ಹೇಳಿದ್ದಾಳೋ. ಗೋಡೆಗೆ ಎರಡೂ ಅಂಗೈ ಊರಿಸಿ, ತಲೆಯಿಂದ ಹಿಮ್ಮಡಿವರೆಗೆ ಒಂದೇ ಗೆರೆಯಾಗಿ ವಾಲಿ ನಿಲ್ಲಿಸಿ, ಒಂದು ಮೊಣಕಾಲು ಎತ್ತಿಸಿ, "ಬದಲು!" ಎಂದಾಗ ಕಾಲು ಬದಲಿಸುವ ವ್ಯಾಯಾಮ ಮಾಡಿಸಿದ್ದು ಇದೇ ಅಂಗಡಿಯ ಹಿಂಬದಿ ಗೋಡೆಗೆ, ಅಲ್ಲಿ ಸುಣ್ಣದ ಮೇಲೆ ಎರಡು ಕಪ್ಪು ಅಂಗೈ ಗುರುತು ಇನ್ನೂ ಇವೆ, ಮಾಲೀಕರು ಯಾವ ಕಳ್ಳನದೋ ಎಂದು ಒಂದು ದಿನ ಗಾಬರಿಯಾಗಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿ ಹಳೇ ಟೈರು ಎಳೆಸಿದ್ದಾಯಿತು, ಕಾರು ನಿಲ್ಲಿಸುವ ಕಟ್ಟಡದ ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡಿಸಿದ್ದಾಯಿತು. ನಿಂತಲ್ಲಿಂದ ಮುಂದಕ್ಕೆ ವಾಲುತ್ತಾ ವಾಲುತ್ತಾ, ಇನ್ನೇನು ಬಿದ್ದೆ ಎನ್ನುವಾಗ ಓಟ ಶುರುಮಾಡುವುದನ್ನು ತೋರಿಸಿಕೊಡಲು ಹೋಗಿ ಚಿಕ್ಕಮ್ಮ ನಿಜವಾಗಿಯೇ ಬಿದ್ದು, ಗಲ್ಲ ತರಚಿಕೊಂಡು, ಮೂರು ದಿನ ಗಿರಾಕಿಗಳಿಗೆಲ್ಲ ಮೆಟ್ಟಿಲಿನಿಂದ ಬಿದ್ದ ಕಥೆ ಹೇಳಿದ್ದಳು. ನಲವತ್ತೇಳಕ್ಕೆ ಮೈ ಹೇಳಿದ ಮಾತು ಕೇಳುವುದಿಲ್ಲ, ಕೇಳಿದರೂ ತಡವಾಗಿ ಕೇಳುತ್ತದೆ.

ತಪ್ಪು ಶುರುವಾಗಿದ್ದು ಎಲ್ಲಿ ಎಂದು ಮೊನ್ನೆಯಿಂದ ಹುಡುಕುತ್ತಿದ್ದವಳಿಗೆ ಅದು ಇಷ್ಟು ಮುಗ್ಧವಾದ ಜಾಗದಲ್ಲಿ ಸಿಕ್ಕಿದ್ದೇ ಹೆಚ್ಚು ನೋವಾಗಿತ್ತು. ಎರಡು ತಿಂಗಳ ಹಿಂದೆ ಒಂದು ಸಂಜೆ, ಮಿಡತೆಯ ಮೊದಲ ಹೆಜ್ಜೆಯಲ್ಲಿ ಮೊಣಕಾಲಿನಿಂದ ಪಾದದವರೆಗಿನ ಭಾಗ ಮುಂದಕ್ಕೆ ವಾಲುತ್ತಿದೆಯೋ ನೆಟ್ಟಗೆ ನಿಲ್ಲುತ್ತಿದೆಯೋ ನೋಡಬೇಕೆಂದು ಚಿಕ್ಕಮ್ಮ ತನ್ನ ಕಣ್ಣನ್ನು ಅಜ್ಜನ ಹಲಗೆಯಿಂದ ಕಿತ್ತು ಹುಡುಗಿಯ ಕಾಲಿನ ಮೇಲೆ ಇಟ್ಟಳು. ಕಣ್ಣು ಹೋದಲ್ಲಿಗೆ ಹೆಬ್ಬೆರಳೂ ಹೋಯಿತು. ಹಲಗೆ ಬಡಿದಾಗ ಅಲ್ಲ, ಕಾಲು ಅಲುಗಾಡಿದಾಗ ಒತ್ತಿತು, ನಡುವಿನ ಕಾಲು ಸೆಕೆಂಡು ಲೆಕ್ಕದಿಂದ ಜಾರಿಹೋಯಿತು. ಅಲ್ಲಿಯವರೆಗೆ ನಾಲ್ಕು ಸೆಕೆಂಡು ಎಪ್ಪತ್ತರ ಸುತ್ತ ಒದ್ದಾಡುತ್ತಿದ್ದ ಓಟ ಒಂದೇ ಏಟಿಗೆ ನಾಲ್ಕು ನಲವತ್ತೈದಕ್ಕೆ ಇಳಿಯಿತು. "ನೋಡಿದ್ಯಾ? ಗೋಡೆ ವ್ಯಾಯಾಮ!" ಎಂದು ಚಿಕ್ಕಮ್ಮ ಕೂಗಿದ್ದಳು, ಮಿಡತೆ ಅಜ್ಜನ ಬಕೆಟ್ ಸುತ್ತ ಕುಣಿದಿದ್ದಳು. ಅಲ್ಲಿಗೆ ಅದು ಬರೀ ತಪ್ಪು. ಆದರೆ ಮೂರು ವಾರದ ಮೇಲೆ ಒಂದು ದಿನ, ಬಿಸಿಲಿಗೆ ಕಣ್ಣು ಕುಕ್ಕಿ ಹುಡುಗಿಯ ಕಾಲು ಕಾಣದೆ, ಹಲಗೆಯ ಸದ್ದಿಗೇ ಒತ್ತಿಬಿಟ್ಟಿದ್ದಳು. ನಾಲ್ಕು ಐವತ್ತೆಂಟು. ಏದುಸಿರಿನಲ್ಲಿ ಓಡಿಬಂದು "ಎಷ್ಟು?" ಎಂದ ಮುಖ ನೋಡಿ, ಒಂದು ಕ್ಷಣ, ಒಂದೇ ಒಂದು ಕ್ಷಣ, ಎಲ್ಲವೂ ಚಿಕ್ಕಮ್ಮನಿಗೆ ಹೊಳೆದಿತ್ತು. ಹೊಳೆದದ್ದನ್ನು ನುಂಗಿಕೊಂಡು "ಬೆರಳು ಜಾರ್ತು, ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಓಡು" ಎಂದಿದ್ದಳು. ಇನ್ನೊಂದು ಸಲ ಕಾಲಿಗೇ ಒತ್ತಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಹೆರದ ಚಿಕ್ಕಮ್ಮಂದಿರ ಬಗ್ಗೆ ಗಾದೆ ಕಟ್ಟುವವರು ಯಾಕೋ ಏನೂ ಹೇಳಿಲ್ಲ.

ಅವಳ ಕಾಲದಲ್ಲಿ ಅವಳಿಗೆ ಕಲಿಸಿದವರು ಇದರ ಉಲ್ಟಾ ಮಾಡುತ್ತಿದ್ದರು. ಹುಡುಗಿಯರು ಉಬ್ಬಿಹೋಗಬಾರದು ಎಂದು ಪ್ರತಿ ಓಟಕ್ಕೂ ತಮ್ಮ ಕಡೆಯಿಂದ ಸ್ವಲ್ಪ ಸಮಯ ಸೇರಿಸಿಯೇ ಹೇಳುತ್ತಿದ್ದರಂತೆ. ತಾನು ನಿಧಾನ ಎಂದು ನಂಬಿಕೊಂಡೇ ಅವಳು ಓಟ ಬಿಟ್ಟಳು, ನಂಬಿಕೊಂಡೇ ಈ ಅಂಗಡಿಗೆ ಸೇರಿದಳು. ಸುಳ್ಳು ಗೊತ್ತಾಗುವ ಹೊತ್ತಿಗೆ ಮೊಣಕಾಲಿಗೆ ಪಟ್ಟಿ ಬಂದಿತ್ತು. ತಾನು ಯಾವತ್ತೂ ಹಾಗೆ ಮಾಡುವುದಿಲ್ಲ ಎಂದು ಶಪಥ ಮಾಡಿಕೊಂಡವಳು ಇವಳೇ. ಮಾಡಲಿಲ್ಲ ನಿಜ. ಕಳೆದು ಹೇಳಿದಳು.

ಮಧ್ಯಾಹ್ನ ಅಕ್ಕನ ಫೋನು ಬಂತು. "ಕೇಳಿದ್ಯಾ? ಮಿಡತೆ ಓಟ ಬಿಡ್ತೀನಿ ಅಂತ ತೀರ್ಮಾನ ಮಾಡಿದ್ದಾಳೆ. ಸಂಜೆ ಕ್ಲಬ್ಬಿನ ಕಾರ್ಯದರ್ಶಿಗೆ ಹೇಳಿ, ಸ್ಪೈಕ್ ಶೂ ವಾಪಸ್ ಕೊಟ್ಟು ಬರ್ತಾಳಂತೆ. ಸೋಮವಾರದಿಂದ ಆ ಪೀಠೋಪಕರಣದ ಅಂಗಡಿ ಕೆಲಸಕ್ಕೆ ಹೋಗ್ತಾಳಂತೆ" ಎಂದಳು ಅಕ್ಕ. ಹಿಂದಿನಿಂದ ಒಗೆಯುವ ಯಂತ್ರ ತಿರುಗುವ ಸದ್ದು ಬರುತ್ತಿತ್ತು. "ನೀನು ಅಡ್ಡ ಬರಬೇಡ, ನಿನ್ನ ದಮ್ಮಯ್ಯ. ಪಾಪ, ಅವಳಿಗೆ ಸ್ಪರ್ಧೆ ಅಂದ್ರೆ ಕೈಕಾಲು ತಣ್ಣಗಾಗುತ್ತೆ. ಅಭ್ಯಾಸದಲ್ಲಿ ಹುಲಿ, ಅಲ್ಲಿ ಹೋದ್ರೆ ಇಲಿ ಅಂತ ಅವಳೇ ಅಂತಾಳೆ. ಎಲ್ಲರ ಸ್ವಭಾವ ಒಂದೇ ಥರ ಇರುತ್ತಾ? ಬಲವಂತ ಮಾಡಿ ಏನು ಪ್ರಯೋಜನ?" ಚಿಕ್ಕಮ್ಮ "ಹ್ಞೂಂ" ಎಂದಳು. ಹ್ಞೂಂ ಎನ್ನುವುದಕ್ಕಿಂತ ಹೇಡಿತನದ ಶಬ್ದ ಭಾಷೆಯಲ್ಲಿ ಇನ್ನೊಂದಿಲ್ಲ ಎಂದು ಫೋನಿಟ್ಟ ಮೇಲೆ ಅನ್ನಿಸಿತು.

ಹತ್ತು ದಿನದ ಹಿಂದೆ ಆಯ್ಕೆ ನಡೆದಿತ್ತು. ಮೂವತ್ತು ಮೀಟರನ್ನು ನಾಲ್ಕು ನಲವತ್ತೈದರೊಳಗೆ ಓಡಿದವರಿಗೆ ತರಬೇತಿ ಶಿಬಿರ. ಮೈದಾನದಲ್ಲಿ ದಿನವೂ ನಾಲ್ಕು ಮೂವತ್ತಕ್ಕೆ ಓಡುವವಳು ಅಲ್ಲಿಗೆ ಹಾಡು ಗುನುಗುತ್ತಾ ಹೋದಳು. ಪಿಸ್ತೂಲಿನ ಸದ್ದಿನಿಂದಲೇ ಸಮಯ ಅಳೆಯುವ ಅಲ್ಲಿನ ಯಂತ್ರ ನಾಲ್ಕು ಐವತ್ಮೂರು ತೋರಿಸಿತು, ಎರಡನೆಯ ಸಲವೂ ನಾಲ್ಕು ಐವತ್ಮೂರೇ. "ಆ ಯಂತ್ರ ಸರಿಯಿಲ್ಲ ಬಿಡೇ" ಎಂದು ಚಿಕ್ಕಮ್ಮ ಅವಳ ಬೆನ್ನು ಸವರಿದಾಗ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ತನ್ನ ಕಿವಿಗೇ ಕೇಳಿಸಿತ್ತು. ಮಿಡತೆ ಸ್ಪೈಕ್ ಬಿಚ್ಚುತ್ತಾ, "ಎಲ್ಲರಿಗೂ ಅದೇ ಯಂತ್ರ ಅಲ್ವಾ ಚಿಕ್ಕಮ್ಮ" ಎಂದಳು. ಆಮೇಲೆ, "ಇಲ್ಲಿ ಬಂದ್ರೆ ನನಗೆ ಏನೋ ಆಗುತ್ತೆ. ಆಗಿದ್ದು ಗೊತ್ತೂ ಆಗಲ್ಲ, ಅದೇ ಭಯ" ಎಂದಳು. ಆಗ ಹೇಳಬಹುದಿತ್ತು. ಹೇಳುವ ಬದಲು ಚಿಕ್ಕಮ್ಮ ಅವಳಿಗೆ ಭಯ ಹೋಗುವುದಕ್ಕೆ ಉಸಿರು ಎಣಿಸುವುದನ್ನು ಕಲಿಸಿದಳು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟು ಹುಡುಗಿ ಎಷ್ಟು ಶ್ರದ್ಧೆಯಿಂದ ಎಣಿಸುತ್ತಿದ್ದಳೆಂದರೆ, ನೆನಪಾದಾಗಲೆಲ್ಲ ಚಿಕ್ಕಮ್ಮನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಊಟದ ಬಿಡುವಿನಲ್ಲಿ ಡಬ್ಬಿ ತೆಗೆಯದೆ, ಹಿಂದಿನ ಕೋಣೆಯಲ್ಲಿ ಚೌಕಟ್ಟುಗಳ ಪೆಟ್ಟಿಗೆಗಳ ನಡುವೆ ಕೂತು ಫೋನಿನಲ್ಲಿದ್ದ ಹಳೆಯ ವಿಡಿಯೋ ಹಾಕಿದಳು. ಮೂರು ತಿಂಗಳ ಹಿಂದಿನದು: ಚೀಲದಲ್ಲಿದ್ದ ಸ್ಟಾಪ್‌ವಾಚ್ ತೆಗೆದು, ಹಲಗೆಯ ಪಟ್ ಸದ್ದಿಗೆ ಒತ್ತಿ, ಗೆರೆಗೆ ನಿಲ್ಲಿಸಿದಳು. ನಾಲ್ಕು ಎಪ್ಪತ್ತೆರಡು. ಕಳೆದ ವಾರದ್ದು: ಸದ್ದಿಗೆ ಒತ್ತಿದಾಗ ನಾಲ್ಕು ಐವತ್ನಾಲ್ಕು, ಕಾಲಿಗೆ ಒತ್ತಿದಾಗ ನಾಲ್ಕು ಮೂವತ್ತು. ಐದು ಸಲ ಮಾಡಿದಳು, ಅಂಕಿ ಅದೇ ಸುತ್ತಮುತ್ತ ಬಂತು. ಮಿಡತೆ ಎಲ್ಲೂ ಹೆದರಿರಲಿಲ್ಲ. ಆಯ್ಕೆಯ ದಿನ ಅವಳು ತನ್ನ ಜೀವನದಲ್ಲೇ ಅತಿ ವೇಗವಾಗಿ, ಅದೂ ಎರಡು ಸಲ, ಕಿಂಚಿತ್ತೂ ನಡುಗದೆ ಓಡಿದ್ದಳು. ಗೋಡೆ, ಟೈರು, ಇಳಿಜಾರು ಎಲ್ಲ ಕೆಲಸ ಮಾಡಿದ್ದವು. ಅವು ಕೊಟ್ಟಿದ್ದು ಹದಿನೆಂಟು ನೂರನೇ ಭಾಗ, ಮೂರು ತಿಂಗಳಿಗೆ ಅದು ಬಹಳ ದೊಡ್ಡದು. ಉಳಿದದ್ದು ಚಿಕ್ಕಮ್ಮನ ಹೆಬ್ಬೆರಳಿನ ಧಾರಾಳ. ಅವಳಿಗೆ ಮೊದಲು ಬಂದದ್ದು ಸಂತೋಷವೇ, ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದಳು. ಅದರ ಹಿಂದೆಯೇ ಭಯ ಬಂತು. ಈ ಸಂತೋಷವನ್ನು ಹುಡುಗಿಗೆ ಕೊಡಬೇಕಾದರೆ ಅದನ್ನು ಸುತ್ತಿಟ್ಟ ಸುಳ್ಳನ್ನೂ ಬಿಚ್ಚಿ ಕೊಡಬೇಕು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಅವಳು ತನ್ನನ್ನು ಪುಕ್ಕಲಿ ಎಂದು ನಂಬಿಕೊಂಡು ಜೀವನವಿಡೀ ಸೋಫಾ ತೋರಿಸುತ್ತಾ ನಿಲ್ಲುತ್ತಾಳೆ. ಸೋಫಾ ಮಾರುವುದರಲ್ಲಿ ತಪ್ಪೇನಿಲ್ಲ, ಕನ್ನಡಕ ಮಾರುವವಳು ಹಾಗನ್ನಬಾರದು. ಆದರೆ ತಾನು ಅಲ್ಲದ್ದನ್ನು ತಾನು ಎಂದು ನಂಬಿಕೊಂಡು ಮಾರಬಾರದು. ಮಾಲೀಕರ ಹತ್ತಿರ ಹೋಗಿ ತಲೆನೋವು ಎಂದು ಒಂದು ಗಂಟೆ ಮುಂಚೆ ರಜೆ ಕೇಳಿದಳು. ಆ ಕ್ಷಣಕ್ಕೆ ಅದೂ ಸುಳ್ಳೇ.

ಮೈದಾನಕ್ಕೆ ನಡೆದೇ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಅಳತೆಯಲ್ಲಿ ಎರಡು ಪದ್ಧತಿಗಳಿವೆ ಎಂದು ಶುರು ಮಾಡಬಹುದು, ಅದು ನಿಜ ಕೂಡ. ಮೊದಲ ಚಲನೆಯಿಂದ ಅಳೆಯುವವರೂ ಇದ್ದಾರೆ, ಸದ್ದಿನಿಂದ ಅಳೆಯುವವರೂ ಇದ್ದಾರೆ, ಎರಡೂ ಸರಿ, ಒಂದರ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿ ಇಟ್ಟು ಹೆಮ್ಮೆಪಡಬಾರದು ಅಷ್ಟೇ. ಎಷ್ಟು ಸಭ್ಯವಾದ ಮಾತು! ಯಾರ ಮೇಲೂ ತಪ್ಪಿಲ್ಲ, ಪದ್ಧತಿಗಳ ಮೇಲೆ ಇದೆ. ಸಿಗ್ನಲ್ ಹತ್ತಿರ ನಿಂತಾಗ ಆ ವಾಕ್ಯವನ್ನು ಮತ್ತೊಮ್ಮೆ ಹೇಳಿಕೊಂಡು ನೋಡಿದಳು. ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಹೆಂಗಸು ತಿರುಗಿ ನೋಡಿದಳು. ಬೆರಳು ಜಾರಿತು ಎಂದದ್ದು ಯಾವ ಪದ್ಧತಿ?

ಮಿಡತೆ ಆಗಲೇ ಬಂದಿದ್ದಳು. ಇಸ್ತ್ರಿ ಮಾಡಿದ ಅಂಗಿ, ಚಪ್ಪಲಿ, ಕೈಯಲ್ಲಿ ಶೂ ಚೀಲ. ಕಾರ್ಯದರ್ಶಿಯ ಕೋಣೆಗೆ ಬೀಗ ಇದ್ದುದರಿಂದ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದಳು. ಸ್ವಲ್ಪ ದೂರದಲ್ಲಿ ಸುಣ್ಣದಜ್ಜ ಬಗ್ಗಿ ಮೂರನೆಯ ಸಾಲಿನ ಗೆರೆ ಎಳೆಯುತ್ತಿದ್ದರು. "ಅಮ್ಮ ಹೇಳಿದ್ಲಾ?" ಎಂದಳು ಮಿಡತೆ. "ಬೈಬೇಡ ಚಿಕ್ಕಮ್ಮ. ನೀನು ಇಷ್ಟೆಲ್ಲಾ ಮಾಡ್ದೆ, ನನ್ನ ಕೈಲಿ ಆಗ್ಲಿಲ್ಲ. ನಿನ್ನ ಮುಖ ನೋಡೋಕೇ ನಾಚಿಕೆ ಆಗುತ್ತೆ." ಚಿಕ್ಕಮ್ಮನ ಎರಡು ಪದ್ಧತಿಗಳು ಅಲ್ಲೇ ಉದುರಿಹೋದವು. ಅವಳು ಮೆಟ್ಟಿಲ ಮೇಲೆ, ಶೂ ಚೀಲದ ಈಚೆಗೆ ಕೂತಳು. "ನಾನು ವಾಚ್ ತಡವಾಗಿ ಒತ್ತುತಿದ್ದೆ" ಎಂದಳು. ಮಿಡತೆಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದಳು, ಮೊದಲಿನಿಂದ ಹೇಳಿದಳು, ಕಾಲು ನೋಡಲು ಹೋಗಿದ್ದು, ಹೆಬ್ಬೆರಳು ಹಿಂದೆ ಹೋಗಿದ್ದು, ಬಿಸಿಲಿನ ದಿನದ ನಾಲ್ಕು ಐವತ್ತೆಂಟು. "ಬೆರಳು ಜಾರಿರ್ಲಿಲ್ಲ. ನನಗೆ ಆಗ್ಲೇ ಗೊತ್ತಾಯ್ತು. ಗೊತ್ತಿದ್ದೂ ಹೇಳ್ಲಿಲ್ಲ. ನೀನು ಅಲ್ಲಿ ಹೆದರ್ಲಿಲ್ಲ ಕಣೇ. ನೀನು ಓಡೋದೇ ನಾಲ್ಕು ಐವತ್ಮೂರಕ್ಕೆ. ಅದು ನಿನ್ನ ಅತಿ ಒಳ್ಳೆ ಓಟ." ಫೋನು ತೆಗೆದು ವಿಡಿಯೋ ತೋರಿಸಲು ಹೋದರೆ ಅವಸರಕ್ಕೆ ಯಾರದೋ ಕನ್ನಡಕದ ಚಿತ್ರ ಬಂತು.

ಅಜ್ಜನ ಸುಣ್ಣದ ಗಾಡಿಯ ಚಕ್ರ ಕಿರ್ ಕಿರ್ ಎನ್ನುತ್ತಿತ್ತು. ಮಿಡತೆ ಒಂದೊಂದಾಗಿ ಕೇಳತೊಡಗಿದಳು, ಅಂಗಡಿಯಲ್ಲಿ ಚಿಕ್ಕಮ್ಮ ಗಿರಾಕಿಗಳನ್ನು ಕೇಳುವ ಹಾಗೆ. ಯಾವತ್ತಿನಿಂದ? ಎಷ್ಟು ವ್ಯತ್ಯಾಸ? ಆಯ್ಕೆಯ ಹಿಂದಿನ ದಿನದ್ದೂ ಸುಳ್ಳೇ? ಅದೂ ಸುಳ್ಳೇ ಎಂದಳು ಚಿಕ್ಕಮ್ಮ. ಹುಡುಗಿಯ ಕತ್ತಿನಲ್ಲಿ ನರ ಎದ್ದಿತು. "ಹತ್ತು ದಿನದಿಂದ ಕನ್ನಡಿ ಮುಂದೆ ನಿಂತು ಹೆದರಬೇಡ ಹೆದರಬೇಡ ಅಂತ ಹೇಳ್ಕೊಳ್ತಿದ್ದೀನಿ. ಇಲ್ಲದ ಹೆದರಿಕೆಗೆ ಔಷಧಿ ಕೊಟ್ರಿ ನೀವು" ಎಂದಳು. ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವಳ ಬಾಯಲ್ಲಿ ನೀವು ಬಂದದ್ದು ಚಿಕ್ಕಮ್ಮನಿಗೆ ಸರಿಯಾಗಿ ತಾಗಿತು. "ಉಸಿರು ಬೇರೆ ಎಣಿಸೋ ಹಾಗೆ ಮಾಡಿದ್ರಿ! ನಾಲ್ಕು ಒಳಗೆ, ಆರು ಹೊರಗೆ. ಬಸ್ಸಲ್ಲಿ ಎಣಿಸ್ತಾ ಕೂತು ಎರಡು ಸಲ ಸ್ಟಾಪ್ ತಪ್ಪಿಸ್ಕೊಂಡೆ. ಮೊದಲೇ ಗೊತ್ತಿದ್ರೆ ಇನ್ನೂ ಟೈರು ಎಳೀತಿದ್ದೆ, ಇನ್ನೂ ಎಂಟು ನೂರನೇ ಭಾಗಕ್ಕೆ ಏನಾದ್ರೂ ಮಾಡ್ತಿದ್ದೆ. ನನಗೆ ಬೇಕಿದ್ದದ್ದು ಅದು. ಮುದ್ದು ಅಲ್ಲ." ಎರಡು ದಿನದಿಂದ ಚಿಕ್ಕಮ್ಮ ಹೆದರಿದ್ದು ಇದೇ ಬೈಗುಳಕ್ಕೆ. ಅದು ನಿಜವಾಗಿ ತಲೆಯ ಮೇಲೆ ಬಿದ್ದಾಗ ಅಷ್ಟೊಂದು ಭಾರವಿರಲಿಲ್ಲ. ನೋವಾಯಿತು, ಆದರೆ ಎದೆಯೊಳಗೆ ಗಾಳಿ ಆಡತೊಡಗಿತು. ಯಾರೂ ಎಣಿಸದೆಯೇ.

ಮಿಡತೆ ಎದ್ದಳು. ಗೇಟಿನ ಕಡೆಗೆ ನಾಲ್ಕು ಹೆಜ್ಜೆ ಹೋದಳು, ನಿಂತಳು. ಹಾಗೇ ಬೆನ್ನು ತೋರಿಸಿಕೊಂಡು, "ಮತ್ತೆ, ನಾನು ಅಲ್ಲಿ ನಡುಗ್ಲಿಲ್ವಾ? ಸತ್ಯ ಹೇಳಿ" ಎಂದಳು. "ಇಲ್ಲ" ಎಂದಳು ಚಿಕ್ಕಮ್ಮ. "ಎರಡು ಸಲಾನೂ?" "ಎರಡು ಸಲಾನೂ." ಹುಡುಗಿಯ ಭುಜಗಳು ನಿಧಾನವಾಗಿ ಕೆಳಗಿಳಿದದ್ದು ಹಿಂದಿನಿಂದ ಕಂಡಿತು. ಇಳಿದ ಮೇಲೆ ತಿಳಿಯಿತು, ಹತ್ತು ದಿನದಿಂದ ಅವು ಮೇಲೇ ಇದ್ದವು ಎಂದು. ಮಿಡತೆ ವಾಪಸ್ ಬಂದು ಚೀಲದ ಬಾಯಿ ಬಿಚ್ಚಿ ಸ್ಪೈಕ್ ಹಾಕಿಕೊಳ್ಳತೊಡಗಿದಳು. ಇಸ್ತ್ರಿ ಅಂಗಿಯ ತೋಳು ಮಡಚಿದಳು. "ವಾಚ್ ಅಜ್ಜನ ಕೈಗೆ ಕೊಡಿ. ಹಲಗೆ ನೀವು ಬಡೀರಿ" ಎಂದಳು.

ಅದು ಶಿಕ್ಷೆಯೇ, ಚಿಕ್ಕಮ್ಮ ತಲೆಬಾಗಿ ಒಪ್ಪಿಕೊಂಡಳು. ಸುಣ್ಣದಜ್ಜನಿಗೆ ಮಾತ್ರ ಬಡ್ತಿ ಸಿಕ್ಕ ಹಾಗಾಯಿತು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ವಾಚ್ ಹಿಡಿದು, ಯಾವುದನ್ನು ಒತ್ತಬೇಕು ಎಂದು ಮೂರು ಸಲ ಕೇಳಿ, ಮೂವತ್ತು ಮೀಟರ್ ಗೆರೆಯ ಹತ್ತಿರ ಪೊಲೀಸರ ಹಾಗೆ ನಿಂತರು. ಮಿಡತೆ ಬ್ಲಾಕ್‌ಗೆ ಪಾದ ಒತ್ತಿ, ಬೆರಳನ್ನು ಗೆರೆಯ ಹಿಂದೆ ಇಟ್ಟು, ಸೊಂಟ ಎತ್ತಿದಳು. ಚಿಕ್ಕಮ್ಮ ಹಲಗೆ ಬಡಿದಳು. ಮೂರು ವರ್ಷದಲ್ಲಿ ಅವಳು ಇವಳ ಓಟವನ್ನು ಒಮ್ಮೆಯೂ ಹಿಂದಿನಿಂದ ನೋಡಿರಲಿಲ್ಲ, ಯಾವಾಗಲೂ ಆಚೆ ತುದಿಯಲ್ಲಿ ನಿಂತು ತನ್ನ ಕಡೆ ಬರುವುದನ್ನೇ ನೋಡಿದ್ದಳು. ಈಗ ಕಂಡದ್ದು ಹೋಗುವುದು. ಮೊದಲ ಒದೆತಕ್ಕೆ ಹಿಂದಿನ ಕಾಲು ಪೂರ್ತಿ ಚಾಚಿಕೊಂಡಿತು, ತಲೆಯಿಂದ ಹಿಮ್ಮಡಿಯವರೆಗೆ ಗೋಡೆಗೆ ವಾಲಿದಾಗಿನ ಅದೇ ಗೆರೆ, ಗೋಡೆ ಮಾತ್ರ ಇಲ್ಲ. ಮೊಣಕೈ ಹಿಂದಕ್ಕೆ ಸೀಳಿ ಬಂತು. ಎರಡನೆಯ ಹೆಜ್ಜೆ ಮೈಯ ಕೆಳಗೇ ಬಿತ್ತು, ಒಂದಿಷ್ಟೂ ಮುಂದಲ್ಲ. ಮೂರನೆಯದು, ನಾಲ್ಕನೆಯದು, ಸ್ಪೈಕಿನ ಮೊನೆಗಳು ಟರ್ ಟರ್ ಎಂದು ನೆಲವನ್ನು ಹರಿದು ಹಿಂದಕ್ಕೆ, ಚಿಕ್ಕಮ್ಮನ ಕಾಲ ಬಳಿಗೆ, ಎಸೆಯುತ್ತಿದ್ದವು. ಮೈ ಒಮ್ಮೆಲೇ ಎದ್ದು ನಿಲ್ಲಲಿಲ್ಲ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಂತು. ಇದನ್ನು ತಾನು ಕಲಿಸಿದ್ದೇ ಎಂದು ಬೆರಗಾಯಿತು. ಹಲಗೆ ಹಿಡಿದ ಕೈ ಇಳಿಸುವುದನ್ನೂ ಮರೆತು ನಿಂತಳು. ಇಷ್ಟು ಚೆಂದದ್ದಕ್ಕೆ ಸುಳ್ಳು ಅಂಕಿ ಯಾಕೆ ಬೇಕಾಗಿತ್ತೋ.

"ಎಷ್ಟು?" ಎಂದು ಮಿಡತೆ ಆಚೆಯಿಂದ ಕೂಗಿದಳು. ಅಜ್ಜ ವಾಚನ್ನೂ ಹುಡುಗಿಯನ್ನೂ ಬದಲಿಸಿ ಬದಲಿಸಿ ನೋಡಿದರು. ಅಂಕಿ ಇನ್ನೂ ಓಡುತ್ತಲೇ ಇತ್ತು, ಹನ್ನೊಂದು, ಹನ್ನೆರಡು, ಹದಿಮೂರು. "ನೀನು ಓಡೋದು ನೋಡ್ತಾ ನಿಂತ್‌ಬಿಟ್ಟೆ ಮಗು, ನಿಲ್ಲಿಸೋದೇ ಮರೆತುಹೋಯ್ತು" ಎಂದರು, ಮುಖ ಸುಣ್ಣಕ್ಕಿಂತ ಬಿಳಿಯಾಗಿ. ಮಿಡತೆ ಸೊಂಟದ ಮೇಲೆ ಕೈಯಿಟ್ಟು ಅವರನ್ನು ದುರುಗುಟ್ಟಿ ನೋಡಿದಳು, ಆಮೇಲೆ ಅಷ್ಟು ದೂರದಲ್ಲಿ ಹಲಗೆ ಹಿಡಿದು ನಿಂತಿದ್ದ ಚಿಕ್ಕಮ್ಮನನ್ನು ನೋಡಿದಳು. ತುಟಿ ಬಿಗಿಹಿಡಿದಳು, ಹಿಡಿಯಲಾಗಲಿಲ್ಲ. ನಗು ಒಡೆದು ಬಂತು, ಬಗ್ಗಿ ಮೊಣಕಾಲು ಹಿಡಿದುಕೊಂಡು ನಕ್ಕಳು. "ಒಬ್ಬರಾದ್ರೂ ಸರಿಯಾಗಿ ಒತ್ತೋರು ಇಲ್ವಲ್ಲಪ್ಪಾ ಈ ಮೈದಾನದಲ್ಲಿ!" ಚಿಕ್ಕಮ್ಮ ನಗಬೇಕೋ ಬೇಡವೋ ಎಂದು ಒಂದು ಕ್ಷಣ ಕಾದು, ತಾನೂ ನಕ್ಕಳು, ಕಣ್ಣಲ್ಲಿ ನೀರು ಬಂತು. ಎರಡನೆಯ ಸಲ ಅಜ್ಜ ವಾಚನ್ನು ಎರಡೂ ಹೆಬ್ಬೆರಳಿನಲ್ಲಿ ಒತ್ತಿ, ಉಸಿರು ಬಿಗಿಹಿಡಿದು, ನಾಲ್ಕು ಐವತ್ತೇಳು ಎಂದು ಓದಿದರು. ಎರಡು ತಿಂಗಳಲ್ಲಿ ಆ ಮೈದಾನದಲ್ಲಿ ಓಡಿ ಮುಗಿಸಿ ಅವಳು ಕೇಳಿದ ಅತಿ ಕೆಟ್ಟ ಅಂಕಿ. ಮಿಡತೆ ಅಜ್ಜನ ಕೈಯಿಂದ ವಾಚ್ ತೆಗೆದುಕೊಂಡು ಬಹಳ ಹೊತ್ತು ನೋಡಿ ವಾಪಸ್ ಕೊಟ್ಟಳು. "ಸರಿ. ಇನ್ನು ಹನ್ನೆರಡು ನೂರನೇ ಭಾಗ ಬೇಕು, ಅಷ್ಟೇ ತಾನೇ?" ಎಂದಳು, ಯಾರನ್ನೂ ನಿರ್ದಿಷ್ಟವಾಗಿ ಕೇಳದೆ. ಕಾರ್ಯದರ್ಶಿ ಅಷ್ಟು ಹೊತ್ತಿಗೆ ಬಂದು ಕೋಣೆಯ ಬೀಗ ತೆಗೆದು ಒಳಗೆ ಕೂತಿದ್ದರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಚಿಕ್ಕಮ್ಮನ ಫೋನು ಬಡಿದುಕೊಂಡಿತು. ಅಕ್ಕ. ಮಿಡತೆ ಬ್ಲಾಕ್ ಕಡೆಗೆ ನಡೆಯುತ್ತಾ, "ತಡ ಆಗುತ್ತೆ ಅಂತ ಹೇಳು ಚಿಕ್ಕಮ್ಮ. ಯಾಕೆ ಅಂತಾನೂ ನೀನೇ ಹೇಳು, ಪೂರ್ತಿ ಹೇಳು" ಎಂದಳು. ಚಿಕ್ಕಮ್ಮ ಆ ನೀನುವನ್ನು ಕೇಳಿಸಿಕೊಂಡು, ಒಂದು ಉಸಿರು ಬಿಟ್ಟು, ಪೂರ್ತಿ ಹೇಳಿದಳು. ಎರಡನೆಯ ಸಲ ಹೇಳುವಾಗ ಅದು ಎಷ್ಟು ಚಿಕ್ಕದಾಗಿತ್ತೆಂದರೆ ಎರಡು ನಿಮಿಷದಲ್ಲಿ ಮುಗಿಯಿತು. "ಅಂದ್ರೆ ನಮ್ಮ ಹುಡುಗಿ ಪುಕ್ಕಲಿ ಅಲ್ಲ ಅಂತಾನಾ?" ಎಂದಳು ಅಕ್ಕ, ದನಿ ಸಣ್ಣದಾಗಿ. "ಅಲ್ಲ ಅಕ್ಕ. ಪುಕ್ಕಲಿ ನಾನು." ಅಕ್ಕ ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಮೂಗು ಸೇದಿದ ಸದ್ದು ಬಂತು. "ಅದನ್ನ ಮೊದ್ಲೇ ಹೇಳೋಕೆ ಏನಾಗಿತ್ತೇ ನಿನಗೆ, ಮಂಗಾ" ಎಂದಳು. ಅಲ್ಲಿ ಮಿಡತೆ ಬೆರಳನ್ನು ಗೆರೆಯ ಹಿಂದೆ ಇಟ್ಟು, "ಚಿಕ್ಕಮ್ಮಾ, ಹಲಗೆ!" ಎಂದು ಕೂಗಿದಳು. ಚಿಕ್ಕಮ್ಮ ಫೋನು ಕಡಿಯಲಿಲ್ಲ. ಅಕ್ಕನೂ ಕೇಳಿಸಿಕೊಳ್ಳಲಿ ಎಂದು ಅದನ್ನು ಹುಲ್ಲಿನ ಮೇಲಿಟ್ಟು, ಎರಡೂ ಹಲಗೆಗಳನ್ನು ಎತ್ತಿಕೊಂಡು, ಹುಡುಗಿಯ ಸೊಂಟ ಮೇಲಕ್ಕೆ ಬಂದು ನಿಶ್ಚಲವಾಗುವವರೆಗೆ ಕಾದು, ತನ್ನ ಶಕ್ತಿಯನ್ನೆಲ್ಲ ಹಾಕಿ ಬಡಿದಳು.